ಕಪ್ಪಲ್ಲಿ ಅಳೆದ ಕಾಸ್ಟಿಕ್, ಆಟಿ ಮಳೆ, ಪುಡಿಪುಡಿ ಸೋಪು

ಪ್ರಶ್ನೆ: ಅಕ್ಕ ನಮಸ್ಕಾರ. ನಮ್ದು ಕಾರ್ಕಳದ ಹತ್ತಿರ, ತೋಟದ ತೆಂಗಿನಕಾಯಿಯದ್ದೇ ಎಣ್ಣೆ ಉಂಟು. ವೀಡಿಯೊ ನೋಡಿ ಆಟಿಯಲ್ಲಿ, ಅಂದ್ರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ, ಮೊದಲ ಸಲ ಸೋಪು ಮಾಡಿದೆ. 1 ಲೀಟರ್ ಎಣ್ಣೆ, 1 ಕಪ್ ಕಾಸ್ಟಿಕ್ ಸೋಡಾ, 2 ಕಪ್ ನೀರು. ಮರುದಿನ ಕತ್ತರಿಸುವಾಗ ಸೀಮೆಸುಣ್ಣದ ಹಾಗೆ ಪುಡಿ ಆಯ್ತು, ಈಗ ಮೇಲೆ ನೀರಿನ ಹನಿ ಕೂತಿದೆ, ಕೈ ತೊಳೆದ್ರೆ ಉರಿ. ಇದನ್ನು ಸರಿ ಮಾಡ್ಬಹುದಾ? ಅರ್ಧ ಪ್ಯಾಕೆಟ್ ಕಾಸ್ಟಿಕ್ ಉಳಿದಿದೆ, ಇನ್ನೊಮ್ಮೆ ಮಾಡ್ಲಾ? ಕಾಸ್ಟಿಕ್ ಇಲ್ಲದೆ ಮಾಡು ಅಂತ ಅತ್ತೆ ಹೇಳ್ತಾರೆ, ಆಗ್ತದಾ? ಅರಿಶಿನ, ಮಲ್ಲಿಗೆ, ಗಂಧ ಹಾಕ್ಲಿಕ್ಕೆ ಆಸೆ. ಸರಿ ಬಂದ್ರೆ ಸ್ವಲ್ಪ ಮಾರುವ ಅಂತಲೂ ಉಂಟು.

ಉತ್ತರ: ಮೊದಲು ಆ ಸೋಪು ಕೈಗೆ ಹಚ್ಚುದು ನಿಲ್ಸಿ. ಮನೆಯಲ್ಲಿ ಮಕ್ಕಳಿದ್ರೆ ಬಚ್ಚಲಿನಿಂದ ಎತ್ತಿ ಒಂದು ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ ಮೇಲೆ ಇಡಿ, ಅದನ್ನು ಎಂತ ಮಾಡುದು ಅಂತ ಆಮೇಲೆ ಹೇಳ್ತೇನೆ.

ಈಗ ಲೆಕ್ಕ ನೋಡುವ. ನಿಮ್ಮ 1 ಲೀಟರ್ ತೆಂಗಿನೆಣ್ಣೆ 1 ಕೆಜಿ ಅಲ್ಲ, ತಕ್ಕಡಿಗೆ ಇಟ್ರೆ ಸುಮಾರು 920 ಗ್ರಾಂ ತೂಗ್ತದೆ. 1 ಗ್ರಾಂ ತೆಂಗಿನೆಣ್ಣೆ ಪೂರ್ತಿ ಸೋಪಾಗ್ಲಿಕ್ಕೆ ಬೇಕಾದ ಕಾಸ್ಟಿಕ್ 0.183 ಗ್ರಾಂ. ಗುಣಿಸಿದ್ರೆ 168 ಗ್ರಾಂ ಬಂತು. ಇದು ಒಂದು ಹನಿ ಎಣ್ಣೆಯೂ ಉಳಿಯದ ಹಾಗೆ ಹಾಕುವ ಲೆಕ್ಕ, ಮೈಗೆ ಹಾಕುವ ಸೋಪಿಗೆ ಇದಕ್ಕಿಂತ ಎಷ್ಟೋ ಕಡಿಮೆ ಹಾಕ್ಬೇಕು. ನೀವು ಹಾಕಿದ್ದು ಒಂದು ಕಪ್, 240 ಎಂ.ಎಲ್. ಕಪ್ಪಿಗೆ ಫ್ಲೇಕ್ಸ್ ತುಂಬಿದ್ರೆ 200 ಗ್ರಾಂ ದಾಟುದು ಏನೂ ದೊಡ್ಡ ವಿಷಯ ಅಲ್ಲ, ಅದ್ರಲ್ಲೂ ಚೂರು ಸಣ್ಣ ಇದ್ರೆ ಒಂದು ತೂಕ, ದಪ್ಪ ಇದ್ರೆ ಇನ್ನೊಂದು ತೂಕ, ಕುಟ್ಟಿ ತುಂಬಿದ್ರೆ ಮತ್ತೊಂದು. ಜಾಸ್ತಿ ಬಿದ್ದ ಕಾಸ್ಟಿಕ್‌ಗೆ ತಿನ್ಲಿಕ್ಕೆ ಎಣ್ಣೆ ಸಿಕ್ಲಿಲ್ಲ, ಅದಕ್ಕೆ ನಿಮ್ಮ ಕೈ ತಿಂತಾ ಉಂಟು. ಅಷ್ಟೇ ಕಥೆ.

ಪುಡಿ ಆದದ್ದಕ್ಕೂ ಮುಖ್ಯ ಕಾರಣ ಇದೇ. ಇನ್ನೊಂದು ಸಣ್ಣ ಕಾರಣವೂ ಉಂಟು, ಬರೀ ತೆಂಗಿನೆಣ್ಣೆಯ ಸೋಪನ್ನು ಮರುದಿನದವರೆಗೆ ಬಿಡ್ಲಿಕ್ಕಿಲ್ಲ, ಯಾಕೆ ಅಂತ ಕತ್ತರಿಸುವ ವಿಷಯ ಬಂದಾಗ ಹೇಳ್ತೇನೆ.

ಮೇಲಿನ ನೀರಿನ ಹನಿ ವಿಷಯದಲ್ಲಿ ಮಾತ್ರ ಬೇಗ್ನೆ ತೀರ್ಪು ಕೊಡ್ಬೇಡಿ. ಸೋಪು ಆಗುವಾಗ ಎಣ್ಣೆಯಿಂದ ಗ್ಲಿಸರಿನ್ ಬಿಡುಗಡೆ ಆಗ್ತದೆ, ಮನೆ ಸೋಪಲ್ಲಿ ಅದು ಒಳಗೇ ಉಳಿತದೆ, ಮತ್ತೆ ಗ್ಲಿಸರಿನ್‌ಗೆ ಗಾಳಿಯ ತೇವ ಎಳೆಯುವ ಚಟ. ಹಾಗಾಗಿ ಮಳೆಗಾಲದಲ್ಲಿ ನಮ್ಮ ಕಡೆ ಎಷ್ಟು ಒಳ್ಳೆ ಸೋಪು ಮಾಡಿದ್ರೂ ಅದು ಬೆವರ್ತದೆ. ಅದು ಬರೀ ಬೆವರಾ, ಉಳಿದ ಕಾಸ್ಟಿಕ್ಕಾ ಅಂತ ನೋಡ್ಲಿಕ್ಕೆ ಪಿ.ಎಚ್. ಪೇಪರ್ (ಕ್ಷಾರ ಎಷ್ಟುಂಟು ಅಂತ ಬಣ್ಣದಲ್ಲಿ ತೋರಿಸುವ ಕಾಗದ) ತುಂಡೊಂದನ್ನು ಹನಿಗೆ ತಾಗಿಸಿ. 9-10ರ ಆಸುಪಾಸು ಬಣ್ಣ ಬಂದ್ರೆ ಸೋಪಿನ ಸಹಜ ಗುಣ, 12ರ ಕಡೆ ಹೋದ್ರೆ ಕಾಸ್ಟಿಕ್. ನಾಲಿಗೆ ತುದಿಗೆ ತಾಗಿಸಿ ಶಾಕ್ ಹೊಡೀತದಾ ನೋಡುವವರು ಇದ್ದಾರೆ, ನಾನೂ ಮಾಡಿದ್ದೇನೆ, ಹೊಸಬರು ಆ ಸಾಹಸಕ್ಕೆ ಹೋಗ್ಬೇಡಿ. ನಿಮ್ಮದರಲ್ಲಂತೂ ಕೈಯೇ ಉತ್ತರ ಹೇಳಿ ಆಗಿದೆ.

ಸರಿ ಮಾಡ್ಬಹುದಾ ಅಂದ್ರೆ, ಹಾಕಿದ ಕಾಸ್ಟಿಕ್ ಎಷ್ಟು ಗ್ರಾಂ ಅಂತ ಗೊತ್ತಿದ್ರೆ ಖಂಡಿತ ಮಾಡ್ಬಹುದು. ತುರಿದು, ಕಡಿಮೆ ಬಿದ್ದ ಎಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಬೇಯಿಸ್ತಾರೆ. ನಿಮ್ಮತ್ರ ಆ ನಂಬರೇ ಇಲ್ಲ. ಅಂದಾಜಿಗೆ ಕಾಲು ಕೆಜಿ ಎಣ್ಣೆ ಹಾಕಿ, ಸಾಕಾಗ್ಲಿಲ್ಲ ಅಂತ ಮತ್ತೆ ಸ್ವಲ್ಪ ಹಾಕಿ, ಕೊನೆಗೆ ಒಳ್ಳೆ ಎಣ್ಣೆಯೂ ಹೋಯ್ತು ಸೋಪೂ ಆಗ್ಲಿಲ್ಲ ಅಂತ ಆಗ್ತದೆ. ನನ್ನ ಮಾತು ಕೇಳಿದ್ರೆ ಬಿಟ್ಟುಬಿಡಿ.

ಅಡಿಗೆಯಲ್ಲಿ ಕೈ ಪಳಗಿದವರಿಗೆ ಇಲ್ಲೇ ಉಪದ್ರ ನೋಡಿ. ನಾವು ಕೊದ್ದೆಲಿಗೆ ಉಪ್ಪು ಹಾಕುದು ಕಣ್ಣಂದಾಜಿಗೆ, ಬೆಲ್ಲ ಹಾಕುದು ಕೈಯಂದಾಜಿಗೆ, ಒಮ್ಮೆಯೂ ತಪ್ಪುದಿಲ್ಲ, ಅದೇ ಧೈರ್ಯದಲ್ಲಿ ಸೋಪಿಗೂ ಇಳೀತೇವೆ. ಸಾರಿಗೆ ಉಪ್ಪು ಜಾಸ್ತಿ ಆದ್ರೆ ರುಚಿ ನೋಡಿ ನೀರು ಹಾಕ್ಬಹುದು, ಇಲ್ಲಿ ರುಚಿ ನೋಡ್ಲಿಕ್ಕೂ ಇಲ್ಲ, ಆಮೇಲೆ ತಿದ್ದಲಿಕ್ಕೂ ಕಷ್ಟ. 1 ಗ್ರಾಂ ತೋರಿಸುವ ಅಡುಗೆಮನೆ ಡಿಜಿಟಲ್ ತಕ್ಕಡಿ ಇಲ್ಲದೆ ಸೋಪಿಗೆ ಕೈ ಹಾಕ್ಲಿಕ್ಕಿಲ್ಲ. ಎಣ್ಣೆಯೂ ತೂಕ, ನೀರೂ ತೂಕ, ಕಾಸ್ಟಿಕ್ಕೂ ತೂಕ. ಕಪ್ಪು, ಚಮಚ, ಎಂ.ಎಲ್. ಲೆಕ್ಕದಲ್ಲಿ ಹೇಳಿಕೊಡುವ ವೀಡಿಯೊ ಸಿಕ್ಕಿದ್ರೆ ಅಲ್ಲೇ ಬಂದ್ ಮಾಡಿ.

ಇನ್ನು ಆ ಅರ್ಧ ಪ್ಯಾಕೆಟ್. ಇದನ್ನು ಓದಿ ನನಗೆ ನಗು ಬಂತು, ಯಾಕಂದ್ರೆ ನಂದೇ ಕಥೆ. ಶುರುವಿನ ವರ್ಷದಲ್ಲಿ ಒಂದು ಕೆಜಿ ಪ್ಯಾಕೆಟ್ ತಂದು ಅರ್ಧ ಖರ್ಚು ಮಾಡಿ ಉಳಿದದ್ದನ್ನು ರಬ್ಬರ್ ಬ್ಯಾಂಡ್ ಹಾಕಿ ಅಟ್ಟದಲ್ಲಿ ಇಟ್ಟಿದ್ದೆ, ಜುಲೈಯಲ್ಲಿ ಬಿಚ್ಚಿ ನೋಡ್ತೇನೆ, ಅವಲಕ್ಕಿ ಹಾಗೆ ಚೂರುಚೂರು ಇದ್ದದ್ದು ನೆನೆದ ಕಲ್ಲುಸಕ್ಕರೆ ಮುದ್ದೆ ಹಾಗೆ ಆಗಿದೆ, ಪ್ಯಾಕೆಟಿನ ಮೂಲೆಯಲ್ಲಿ ಲೋಳೆ ನೀರು. ಆದ್ರೂ ಜಂಭ, ತಕ್ಕಡಿ ಇತ್ತಲ್ಲ. ಸರಿಯಾಗಿ ತೂಗಿ ಹಾಕಿದೆ. ಆ ಸೋಪು ಒಂದು ವಾರ ಆದ್ರೂ ಗಟ್ಟಿ ಆಗ್ಲಿಲ್ಲ, ಎರಡು ವಾರ ಆದ್ರೂ ಆಗ್ಲಿಲ್ಲ, ಬೆಣ್ಣೆ ಹಾಗೆ ಬೆರಳು ಇಳೀತಿತ್ತು, ತಿಂಗಳಿಗೆ ಕಮಟು ವಾಸನೆ ಬಂತು. ಯಾಕೆ ಅಂದ್ರೆ ನಾನು ತೂಗಿದ್ದು ಕಾಸ್ಟಿಕ್ ಅಲ್ಲ, ಕಾಸ್ಟಿಕ್ ಮತ್ತೆ ಮಳೆನೀರು. ಅದು ಗಾಳಿಯಿಂದ ತೇವ ಎಳೀತದೆ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಒಂದು ಪಾಲು ವಾಷಿಂಗ್ ಸೋಡಾ ಆಗಿಬಿಡ್ತದೆ, ಅದಕ್ಕೆ ಎಣ್ಣೆಯನ್ನು ಸೋಪು ಮಾಡುವ ತಾಕತ್ತು ಇಲ್ಲ. ಬಯಲುಸೀಮೆಯವರಿಗೆ ಈ ತಲೆನೋವು ಇಷ್ಟಿಲ್ಲ, ಘಟ್ಟದ ಕೆಳಗೆ ಜೂನಿಂದ ಸೆಪ್ಟೆಂಬರ್ ತನಕ ಉಪ್ಪಿನ ಡಬ್ಬವೇ ನೀರು ಬಿಡ್ತದೆ, ಕಾಸ್ಟಿಕ್ ಬಿಡ್ತದಾ?

ಹಾಗಾಗಿ ನಿಮ್ಮ ಸ್ಥಿತಿ ಎಂತ ಅಂದ್ರೆ, ಮೊದಲ ಸಲ ಕಾಸ್ಟಿಕ್ ಜಾಸ್ತಿ ಆಯ್ತು, ಈಗ ಅದೇ ಪ್ಯಾಕೆಟಿನಿಂದ ಎಷ್ಟು ಸರಿ ತೂಗಿ ಹಾಕಿದ್ರೂ ಕಡಿಮೆ ಆಗ್ತದೆ. ಹೊಸತು ತನ್ನಿ. ಕೆಮಿಕಲ್ ಅಂಗಡಿಯಲ್ಲಿ 98 ಪರ್ಸೆಂಟ್ ಅಂತ ಬರೆದಿರುವ ಕಾಸ್ಟಿಕ್ ಸೋಡಾ ಫ್ಲೇಕ್ಸ್, ಇಲ್ಲ ಲ್ಯಾಬ್ ಗ್ರೇಡ್ ಸೋಡಿಯಂ ಹೈಡ್ರಾಕ್ಸೈಡ್ ಅಂತ ಕೇಳಿ. ಬಚ್ಚಲು ಪೈಪು ಬಿಡಿಸುವ ಡ್ರೈನ್ ಕ್ಲೀನರ್ ಪುಡಿ ಬೇಡ, ಅದ್ರಲ್ಲಿ ಬೇರೆ ಏನೇನೋ ಸೇರಿರ್ತದೆ. ದೊಡ್ಡ ಪ್ಯಾಕೆಟ್ ಕಡಿಮೆ ಕ್ರಯಕ್ಕೆ ಸಿಗ್ತದೆ ಅಂತ ಆಸೆ ಮಾಡ್ಬೇಡಿ, ಅರ್ಧ ಕೆಜಿ ಸಾಕು. ತಂದ ದಿನವೇ 73 ಗ್ರಾಂನ ಪೊಟ್ಟಣ ಮಾಡಿ, ದಪ್ಪ ಜಿಪ್ ಕವರಿಗೆ ಹಾಕಿ, ಗಾಳಿ ತೆಗೆದು, ಎಲ್ಲವನ್ನೂ ಬಿರಡೆ ಗಟ್ಟಿ ಇರುವ ಒಂದು ಪ್ಲಾಸ್ಟಿಕ್ ಭರಣಿಯಲ್ಲಿ ಇಡಿ, ಮೇಲೆ ಕೆಂಪು ಪೆನ್ನಲ್ಲಿ ವಿಷ ಅಂತ ಬರೆದು ಬೀಗ ಇರುವ ಕಪಾಟಿಗೆ. 73 ಯಾಕೆ ಅಂತ ಈಗ ಹೇಳ್ತೇನೆ.

ಅದಕ್ಕೆ ಮೊದಲು ಅತ್ತೆಗೆ ಒಂದು ಮಾತು. ಕಾಸ್ಟಿಕ್ ಇಲ್ಲದೆ ಬಾರ್ ಸೋಪು ಆಗುದಿಲ್ಲ, ಅಂಗಡಿಯ ಸೋಪು ಕೂಡ ಎಣ್ಣೆಗೆ ಕಾಸ್ಟಿಕ್ ಹಾಗಿನ ಕ್ಷಾರ ಸೇರಿಯೇ ಆದದ್ದು. ಸೋಪ್ ಬೇಸ್ ಅಂತ ಬರ್ತದಲ್ಲ, ಕರಗಿಸಿ ಅಚ್ಚಿಗೆ ಹೊಯ್ಯುವುದು, ಅದ್ರಲ್ಲಿ ಕಾಸ್ಟಿಕ್ ಕೆಲಸವನ್ನು ಯಾರೋ ಫ್ಯಾಕ್ಟರಿಯಲ್ಲಿ ಮೊದಲೇ ಮುಗಿಸಿ ಕೊಟ್ಟಿರ್ತಾರೆ. ಅತ್ತೆ ಎಲೆಅಡಿಕೆ ಹಾಕುವವರಾದ್ರೆ ಹೀಗೆ ಹೇಳಿ ನೋಡಿ: ಬರೀ ಸುಣ್ಣ ಬಾಯಿಗೆ ಹಾಕಿದ್ರೆ ನಾಲಿಗೆ ಸುಲಿದು ಹೋಗ್ತದೆ, ಎಲೆಗೆ ಹದವಾಗಿ ಹಚ್ಚಿದ್ರೆ ಬಾಯಿ ಕೆಂಪಾಗ್ತದೆ, ಒಂದು ಉಗುರು ಜಾಸ್ತಿ ಆದ್ರೆ ಮತ್ತೆ ಉರಿ. ಇದೂ ಹಾಗೆಯೇ, ಒಂದು ವ್ಯತ್ಯಾಸ ಮಾತ್ರ, ಸರಿ ಲೆಕ್ಕಕ್ಕೆ ಹಾಕಿದ ಕಾಸ್ಟಿಕ್ ಪೂರ್ತಿ ಎಣ್ಣೆ ಜೊತೆ ಸೇರಿ ಮುಗಿದೇ ಹೋಗ್ತದೆ, ಕೊನೆಗೆ ಸೋಪಲ್ಲಿ ಹುಡುಕಿದ್ರೂ ಸಿಗುದಿಲ್ಲ. ಕಾಸ್ಟಿಕ್ಕೇ ಬೇಡ ಅಂತ ಅತ್ತೆ ಹಟ ಮಾಡಿದ್ರೆ ಸೀಗೆಕಾಯಿ, ಅಂಟುವಾಳ, ಕಡ್ಲೆಹಿಟ್ಟು ಇದ್ದೇ ಉಂಟಲ್ಲ, ಅದೂ ಒಳ್ಳೆಯದೇ, ಆದ್ರೆ ಅದು ಸೋಪಲ್ಲ.

ಈಗ ಮಾಡುವ ಕ್ರಮ. ಮೊದಲ ಬ್ಯಾಚಿಗೆ ಮೂರೇ ವಸ್ತು: ತೆಂಗಿನೆಣ್ಣೆ 500 ಗ್ರಾಂ, ಕಾಸ್ಟಿಕ್ 73 ಗ್ರಾಂ, ನೀರು 150 ಗ್ರಾಂ. 500ನ್ನು 0.183ರಿಂದ ಗುಣಿಸಿದ್ರೆ 91.5 ಬರ್ತದೆ, ಅದ್ರಲ್ಲಿ ನೂರಕ್ಕೆ 20 ಬಿಟ್ಟಿದ್ದೇನೆ. ಈ ಬಿಡುವುದಕ್ಕೆ ಸೂಪರ್‌ಫ್ಯಾಟ್ ಅಂತಾರೆ, ಅಷ್ಟು ಎಣ್ಣೆ ಸೋಪಾಗದೆ ಎಣ್ಣೆಯಾಗಿಯೇ ಉಳೀತದೆ. ಬೇರೆ ಎಣ್ಣೆ ಸೇರಿದ ಸೋಪಿಗೆ 5-8 ಸಾಕು, ಬರೀ ತೆಂಗಿನೆಣ್ಣೆಯದ್ದು ಮೈಯ ಜಿಡ್ಡನ್ನೆಲ್ಲ ಎಳೆದು ಚರ್ಮ ಬಿರಿಯುವ ಹಾಗೆ ತೊಳೀತದೆ, ಅದಕ್ಕೇ 20. ಅದೇ ಸೂಪರ್‌ಫ್ಯಾಟ್ ಇಲ್ಲದೆ ಮಾಡಿದ್ರೆ ಬಟ್ಟೆಗೆ, ಪಾತ್ರೆಗೆ ಭಯಂಕರ ಒಳ್ಳೆ ಸೋಪು. ತೆಂಗಿನೆಣ್ಣೆ ಸೋಪಿನ ಇನ್ನೊಂದು ಗುಣ, ಉಪ್ಪುನೀರಲ್ಲೂ ನೊರೆ ಬರ್ತದೆ, ಒಂದು ತುಂಡು ಮಲ್ಪೆಗೆ ತಗೊಂಡು ಹೋಗಿ ಸಮುದ್ರದ ನೀರಲ್ಲೇ ಕೈ ತೊಳೆದು ನೋಡಿದ್ದೇನೆ, ಪಕ್ಕದಲ್ಲಿದ್ದವರು ನನ್ನನ್ನೇ ನೋಡಿದ್ರು.

ಎಣ್ಣೆ ಮಿಲ್ಲಿನದ್ದು ಧಾರಾಳ ಆಗ್ತದೆ, ಅಡಿಯ ಗಸಿ ಬರದ ಹಾಗೆ ಬಟ್ಟೆಯಲ್ಲಿ ಸೋಸಿ. ಹಳೇದಾಗಿ ಕಮಟಿದ ಎಣ್ಣೆ ಹೇಗೂ ಬಿಸಾಡುದಲ್ವಾ ಸೋಪಿಗೆ ಹಾಕುವ ಅಂತ ಕೆಲವರು ಹೇಳ್ತಾರೆ, ಆ ಕಮಟು ಸೋಪಿಗೂ ಬರ್ತದೆ. ನೀರು ಬಾವಿಯದ್ದು ಬೇಡ, ನಮ್ಮ ಮುರಕಲ್ಲಿನ ಊರಲ್ಲಿ ಎಷ್ಟೋ ಬಾವಿ ನೀರಲ್ಲಿ ಕಬ್ಬಿಣದ ಅಂಶ ಇರ್ತದೆ, ಕಬ್ಬಿಣ ಇದ್ರೆ ಸೋಪು ಬೇಗ ಕೆಡ್ತದೆ, ಮೇಲೆ ಕಿತ್ತಳೆ ಚುಕ್ಕಿ ಏಳ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟ್ಲಿ ತನ್ನಿ.

ಪಾತ್ರೆ ಸ್ಟೀಲ್, ಇಲ್ಲದಿದ್ರೆ ಅಡಿಯಲ್ಲಿ ತ್ರಿಕೋನದೊಳಗೆ 5 ಅಂತ ಅಚ್ಚಿರುವ ದಪ್ಪ ಪ್ಲಾಸ್ಟಿಕ್. ಅಲ್ಯುಮಿನಿಯಂ ಮುಟ್ಲಿಕ್ಕಿಲ್ಲ. ನಾನು ಮೊದಲ ಸಲ ಮಾಡಿದ್ದು ಹಾಲು ಕಾಯಿಸುವ ಹಳೇ ಅಲ್ಯುಮಿನಿಯಂ ಪಾತ್ರೆಯಲ್ಲಿ, ಕಾಸ್ಟಿಕ್ ನೀರು ಹೊಯ್ದದ್ದೇ ಬುರಬುರ ನೊರೆ ಎದ್ದು ಪಾತ್ರೆ ಕಪ್ಪಾಗಿ ಹೋಯ್ತು. ಅದ್ರಲ್ಲಿ ಬರುವುದು ಹೈಡ್ರೋಜನ್ ಗ್ಯಾಸು, ಪಕ್ಕದಲ್ಲಿ ಒಲೆ ಉರೀತಿತ್ತು, ದೇವ್ರು ದೊಡ್ಡವ ಬಚಾವಾದೆ. ಗಾಜಿನ ಪಾತ್ರೆಯೂ ಬೇಡ, ಬಿಸಿಗೆ ಯಾವತ್ತಾದ್ರೂ ಒಡೀತದೆ. ಮರದ ಸೌಟನ್ನು ಕಾಸ್ಟಿಕ್ ನಿಧಾನಕ್ಕೆ ತಿಂತದೆ, ಸ್ಟೀಲ್ ಇಲ್ಲವೇ ಸಿಲಿಕಾನ್ ಸೌಟು ತಗೊಳ್ಳಿ.

ಕಾಸ್ಟಿಕ್ ಕರಗಿಸುವ ಕೆಲಸ ಅಡುಗೆಮನೆಯಲ್ಲಿ ಮಾಡ್ಬೇಡಿ, ಹಿಂದಿನ ಜಗಲಿಯಲ್ಲಿ, ಮಾಡಿನ ಅಡಿಯಲ್ಲಿ, ಮಳೆಹನಿ ಬೀಳದ ಜಾಗದಲ್ಲಿ. ಉದ್ದ ಕೈಯ ಅಂಗಿ, ಕಾಲಿಗೆ ಚಪ್ಪಲಿ, ರಬ್ಬರ್ ಗ್ಲೌಸ್, ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ. ಮಕ್ಕಳು, ಬೆಕ್ಕು, ಕುತೂಹಲಕ್ಕೆ ಇಣುಕುವ ಪಕ್ಕದ ಮನೆಯವರು ಯಾರೂ ಹತ್ತಿರ ಬೇಡ. ಮೊದಲು ನೀರು ತೂಗಿ ಪಾತ್ರೆಗೆ ಹಾಕಿ, ಆಮೇಲೆ ಕಾಸ್ಟಿಕ್ಕನ್ನು ಸ್ವಲ್ಪಸ್ವಲ್ಪ ನೀರಿಗೆ ಉದುರಿಸ್ತಾ ಕಲಕಿ. ಕಾಸ್ಟಿಕ್ ಮೇಲೆ ನೀರು ಹೊಯ್ಯಲಿಕ್ಕಿಲ್ಲ, ಒಮ್ಮೆಲೇ ಕುದ್ದು ಮುಖಕ್ಕೆ ಹಾರ್ತದೆ. ಒಲೆ ಇಲ್ಲದೆಯೇ ಆ ನೀರು 80 ಡಿಗ್ರಿ ದಾಟ್ತದೆ, ಹೊಗೆ ಬರ್ತದೆ, ಮೂಗು ಆಚೆ ಇರ್ಲಿ. ಕರಗಿ ತಿಳಿಯಾದ ಮೇಲೆ ನೋಡ್ಲಿಕ್ಕೆ ಶುದ್ಧ ನೀರೇ, ಇದೇ ದೊಡ್ಡ ಅಪಾಯ, ಹಾಗಾಗಿ ಲೋಟ, ಚೊಂಬು, ನೀರಿನ ಬಾಟ್ಲಿ ಇಂಥದ್ರಲ್ಲಿ ಯಾವತ್ತೂ ಕಾಸ್ಟಿಕ್ ನೀರು ಇಡ್ಲಿಕ್ಕಿಲ್ಲ. ಕೈಗೆ ಹಾರಿದ್ರೆ ನಳ್ಳಿ ಬಿಟ್ಟು 15-20 ನಿಮಿಷ ನೀರಲ್ಲಿ ತೊಳೀರಿ. ವಿನೆಗರ್ ಹಾಕಿ ಅಂತ ಯಾರೋ ಹೇಳ್ತಾರೆ, ಚರ್ಮದ ಮೇಲೆ ಅದು ಬೇಡ, ನೀರೇ ಮದ್ದು. ಕಣ್ಣಿಗೆ ಹಾರಿದ್ರೆ ತೊಳೀತಾ ತೊಳೀತಾನೇ ಆಸ್ಪತ್ರೆಗೆ ಹೊರಡಿ. ಹೆದರಿಸುದಲ್ಲ, ಕುದಿಯುವ ಎಣ್ಣೆ ಬಾಣಲೆ ಎದುರು ಹೇಗೆ ಇರ್ತೇವೋ ಹಾಗೆ ಇದ್ರೆ ಸಾಕು.

ಪಾತ್ರೆಯನ್ನು ತಣ್ಣೀರಿನ ಟಬ್ಬಲ್ಲಿಟ್ಟು 40 ಡಿಗ್ರಿ ಸುಮಾರಿಗೆ ಇಳಿಯುವ ತನಕ ಕಾಯಿರಿ. ಎಣ್ಣೆ ನಮ್ಮ ಕಡೆ ಹೇಗೂ ತೆಳ್ಳಗೇ ಇರ್ತದೆ. ತೆಂಗಿನೆಣ್ಣೆ ಹೆಪ್ಪುಗಟ್ಟುದು 24 ಡಿಗ್ರಿ ಕೆಳಗೆ, ಡಿಸೆಂಬರ್ ಬೆಳಗ್ಗೆ ಮಾಡುವುದಾದ್ರೆ ಮಾತ್ರ ಕರಗಿಸಿ ಬಿಸಿ ಮಾಡ್ಬೇಕು, ಇಲ್ಲದಿದ್ರೆ ಎಣ್ಣೆ ತನ್ನಷ್ಟಕ್ಕೆ ಗಟ್ಟಿ ಆದದ್ದನ್ನೇ ಸೋಪಾಯ್ತು ಅಂತ ನಂಬಿ ಮೋಸ ಹೋಗ್ತೇವೆ.

ಆಮೇಲೆ ಎಣ್ಣೆಗೆ ಕಾಸ್ಟಿಕ್ ನೀರು ಹೊಯ್ದು ಹ್ಯಾಂಡ್ ಬ್ಲೆಂಡರ್ ಇಳಿಸಿ, ಹತ್ತು ಸೆಕೆಂಡ್ ಓಡಿಸಿ, ಬಂದ್ ಮಾಡಿ ಅದರಿಂದಲೇ ಕಲಕಿ, ಮತ್ತೆ ಓಡಿಸಿ. ಮಿಕ್ಸಿ ಜಾರಿಗೆ ಹಾಕ್ಲಿಕ್ಕಿಲ್ಲ, ಮುಚ್ಚಳ ಹಾರಿದ್ರೆ ಕಷ್ಟ. ಕೈಯಲ್ಲೇ ಕಡೀತೇನೆ ಅಂದ್ರೆ ಅರ್ಧ ಗಂಟೆ ಮೇಲೆ ಬೇಕಾಗ್ಬಹುದು, ಕೃಷ್ಣಮಠದ ಕೃಷ್ಣನ ಹಾಗೆ ಕಡೆಗೋಲು ಹಿಡಿದು ನಿಲ್ಲುವ ತಾಳ್ಮೆ ಇದ್ರೆ ಆಗ್ಲಿ. ಎಷ್ಟು ಗಟ್ಟಿ ಆಗ್ಬೇಕು ಅಂತ ಹೊಸಬರೆಲ್ಲ ಕೇಳ್ತಾರೆ. ಮೊದಲು ನೀರುದೋಸೆ ಹಿಟ್ಟಿನ ಹಾಗೆ ಇರ್ತದೆ, ಅದು ಉದ್ದಿನ ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಸೌಟಿಂದ ಮೇಲೆ ಒಂದು ಗೆರೆ ಬಿಡಿಸಿ ನೋಡಿ, ರಂಗೋಲಿ ಎಳೆ ಹಾಗೆ ಒಂದು ಕ್ಷಣ ನಿಂತು ಆಮೇಲೆ ಮುಳುಗಿದ್ರೆ ಆಯ್ತು. ಇದಕ್ಕೆ ಟ್ರೇಸ್ ಅಂತಾರೆ. ಎಣ್ಣೆಯ ಗೆರೆಗಳು ಬೇರೆಯಾಗಿ ಕಾಣ್ತಾ ಇದ್ರೆ ಇನ್ನೂ ಆಗ್ಲಿಲ್ಲ. ಹೊಯ್ಯಲಿಕ್ಕೆ ಸಿಲಿಕಾನ್ ಅಚ್ಚೇ ಬೇಕಂತಿಲ್ಲ, ಜ್ಯೂಸಿನ ಟೆಟ್ರಾ ಪ್ಯಾಕ್ ತೊಳೆದು ಒಣಗಿಸಿ ಒಂದು ಬದಿ ಕೊಯ್ದರೆ ಅದೇ ಅಚ್ಚು.

ವಿದೇಶದ ವೀಡಿಯೊಗಳಲ್ಲಿ ಅಚ್ಚಿಗೆ ಕಂಬಳಿ ಹೊದಿಸಿ ಮಲಗಿಸ್ತಾರೆ, ಅವ್ರಿಗೆ ಚಳಿ. ನಮ್ಮ ಸೆಕೆಗೆ ಅದು ಬೇಡ, ತೆಂಗಿನೆಣ್ಣೆ ಸೋಪು ತನ್ನಷ್ಟಕ್ಕೇ ಕಾದು ಮಧ್ಯದಲ್ಲಿ ಬಿರುಕು ಬಿಡುವಷ್ಟು ಬಿಸಿ ಆಗ್ತದೆ, ತೆರೆದೇ ಇಡಿ, ಬೇಕಿದ್ರೆ ಫ್ಯಾನ್ ಹಾಕಿ. ನಾಲ್ಕು ಗಂಟೆ ಕಳೆದ ಮೇಲೆ ಅರ್ಧರ್ಧ ಗಂಟೆಗೊಮ್ಮೆ ಗ್ಲೌಸ್ ಹಾಕಿ ಒತ್ತಿ ನೋಡ್ತಾ ಇರಿ. ಮೈಸೂರು ಪಾಕ್ ಗೊತ್ತಲ್ಲ, ಬಿಸಿ ಇರುವಾಗಲೇ ಕತ್ತಿ ಎಳೀಬೇಕು, ತಣ್ಣಗಾದ ಮೇಲೆ ಎಳೆದ್ರೆ ತಟ್ಟೆ ತುಂಬ ಪುಡಿ. ತೆಂಗಿನೆಣ್ಣೆ ಸೋಪೂ ಅದೇ ಜಾತಿ, ಗಟ್ಟಿಯಾಗಿ ಇನ್ನೂ ಉಗುರುಬೆಚ್ಚಗೆ ಇರುವಾಗ ಕತ್ತರಿಸಿ ಮುಗಿಸ್ಬೇಕು. ರಾತ್ರಿ ಹೊಯ್ದು ಬೆಳಗ್ಗೆ ನೋಡುವ ಅಂತ ಮಲಗ್ಬೇಡಿ, ಬೆಳಗ್ಗೆ ಶುರು ಮಾಡಿ. 100 ಗ್ರಾಂನದ್ದು ಏಳು ತುಂಡು ಸಿಗ್ತದೆ.

ಇನ್ನು ಒಣಗಿಸುದು, 4ರಿಂದ 6 ವಾರ. ಸೋಪಾಗುವ ಕೆಲಸ ಹೆಚ್ಚುಕಡಿಮೆ ಎರಡು ದಿನದಲ್ಲೇ ಮುಗೀತದೆ, ಉಳಿದ ವಾರಗಳಲ್ಲಿ ನೀರು ಹೋಗಿ ತುಂಡು ಗಟ್ಟಿ ಆಗ್ತದೆ, ನೊರೆ ಸುಧಾರಿಸ್ತದೆ, ಬಚ್ಚಲಲ್ಲಿ ಬೇಗ ಕರಗುದಿಲ್ಲ. ಗೆರಸೆಯಲ್ಲಿ ಬಿಳಿ ಕಾಗದ ಹಾಸಿ ಒಂದಕ್ಕೊಂದು ತಾಗದ ಹಾಗೆ ಇಡಿ, ಕಬ್ಬಿಣದ ಸ್ಟ್ಯಾಂಡ್ ಮೇಲೆ ಬೇಡ, ಅಲ್ಲೂ ಚುಕ್ಕಿ ಬರ್ತದೆ. ಹಪ್ಪಳ ಸಂಡಿಗೆ ಜೊತೆ ಅಂಗಳದ ಬಿಸಿಲಿಗೂ ಇಡ್ಲಿಕ್ಕಿಲ್ಲ, ಬಿಸಿಲಿಗೆ ಸೋಪಲ್ಲಿ ಉಳಿದ ಎಣ್ಣೆ ಕಮಟ್ತದೆ. ಒಂದು ತುಂಡಿನ ತೂಕವನ್ನು ವಾರಕ್ಕೊಮ್ಮೆ ಕ್ಯಾಲೆಂಡರಲ್ಲಿ ಬರೆದಿಡಿ, ಇಳಿಯುದು ನಿಂತ ವಾರ ಸೋಪು ತಯಾರು. ಇದು ಮಳೆಗಾಲದಲ್ಲಿ ನಡೆಯುದಿಲ್ಲ, ಒಂದು ಆಟಿಯಲ್ಲಿ 104 ಗ್ರಾಂ ಇದ್ದ ತುಂಡು ಮುಂದಿನ ವಾರ 105 ಆಗಿ ಕೂತಿತ್ತು, ನೀರು ಕುಡಿದು. ಹಾಗಾಗಿ ನಾನು ಹಪ್ಪಳದ ಕ್ರಮವನ್ನೇ ಸೋಪಿಗೂ ಇಟ್ಕೊಂಡಿದ್ದೇನೆ, ದೀಪಾವಳಿ ಕಳೆದ ಮೇಲಿಂದ ಎಪ್ರಿಲ್ ತನಕ ಮಾಡುದು, ಮಳೆ ಬರುವ ಮೊದಲು ಕಾಗದ ಸುತ್ತಿ ಡಬ್ಬಕ್ಕೆ ತುಂಬುದು. ಮಳೆಯಲ್ಲಿ ಮಾಡ್ಲೇಬೇಕಾದ್ರೆ ಬಾಗಿಲು ಮುಚ್ಚಿದ ಕೋಣೆ, ಫ್ಯಾನ್, ಜಾಸ್ತಿ ದಿನ. ಮೇಲೆ ತೆಳ್ಳಗೆ ಬಿಳಿ ಪುಡಿ ಕೂತ್ರೆ ಗಾಬರಿ ಬೇಡ, ಅದು ವಾಷಿಂಗ್ ಸೋಡಾ, ಒರೆಸಿದ್ರೆ ಹೋಗ್ತದೆ.

ಎರಡನೇ ರೆಸಿಪಿ ಬೇಕಾದ್ರೆ, ಮೊದಲನೆಯದ್ದು ಎರಡು ಸಲ ಸರಿ ಬಂದ ಮೇಲೆ: ತೆಂಗಿನೆಣ್ಣೆ 250, ಆಲಿವ್ ಎಣ್ಣೆ 200, ಹರಳೆಣ್ಣೆ 50 ಗ್ರಾಂ. ಆಲಿವ್‌ಗೆ 0.135, ಹರಳೆಣ್ಣೆಗೆ 0.128 ಲೆಕ್ಕ. ಕೂಡಿದ್ರೆ 79 ಚಿಲ್ಲರೆ, ನೂರಕ್ಕೆ 8ರಷ್ಟು ಬಿಟ್ರೆ ಮತ್ತೆ ಅದೇ 73 ಗ್ರಾಂ! ಪೊಟ್ಟಣ 73ರದ್ದು ಮಾಡಿ ಅಂದದ್ದು ಅದಕ್ಕೇ, ನೀರು ಅಷ್ಟೇ 150. ಆದ್ರೆ ಎಲ್ಲ ಸೋಪಿಗೂ 73 ಅಂತ ಮಂಡೆಯಲ್ಲಿ ಇಟ್ಕೊಳ್ಬೇಡಿ, ಇದು ಎರಡು ಲೆಕ್ಕ ಒಂದೇ ಕಡೆ ಬಂದು ಬಿದ್ದದ್ದು. ಎಣ್ಣೆ ಬದಲಾದ್ರೆ ಲೆಕ್ಕ ಮೊದಲಿಂದ. ಈ ಸೋಪು ಮೈಗೆ ಮೆತ್ತಗೆ, ಕತ್ತರಿಸ್ಲಿಕ್ಕೂ ಅವಸರ ಇಲ್ಲ, ಮರುದಿನ ಕತ್ತರಿಸ್ಬಹುದು, ಒಣಗ್ಲಿಕ್ಕೆ ಮಾತ್ರ ಪೂರ್ತಿ 6 ವಾರ ಕೊಡಿ.

ಅರಿಶಿನ ಹಾಕಿ, ಚಂದ ಉಂಟು. ಅರ್ಧ ಚಮಚ ಸಾಕು. ಹಾಕಿದ ಕೂಡ್ಲೇ ಹಳದಿ ಹೋಗಿ ಕೆಂಪು ಆಗ್ತದೆ, ಹೆದರ್ಬೇಡಿ, ಆರತಿ ತಟ್ಟೆಗೆ ಅರಿಶಿನ ಸುಣ್ಣ ಕಲಸಿ ಕೆಂಪು ನೀರು ಮಾಡ್ತೇವಲ್ಲ, ಅದೇ ಸಂಗತಿ, ಕ್ಷಾರ ತಾಗಿದ್ರೆ ಅರಿಶಿನ ಕೆಂಪು. ಒಣಗ್ತಾ ಬಂದ ಹಾಗೆ ಮಾಸಿದ ಕಿತ್ತಳೆ ಬಣ್ಣಕ್ಕೆ ಬಂದು ನಿಲ್ತದೆ. ಜಾಸ್ತಿ ಹಾಕಿದ್ರೆ ಮನೆಯ ಬಿಳಿ ಬೈರಾಸು, ಟವೆಲ್ ಎಲ್ಲ ಹಳದಿ.

ಮಲ್ಲಿಗೆ ಮಾತ್ರ ಬೇಡ. ಒಮ್ಮೆ ಮದುವೆ ಮನೆಯಿಂದ ಉಳಿದ ಒಂದು ಚೆಂಡು ಶಂಕರಪುರ ಮಲ್ಲಿಗೆಯನ್ನು ಆಸೆಯಲ್ಲಿ ಸೋಪಿಗೆ ಹಾಕಿದ್ದೆ, ಮರುದಿನ ಕತ್ತರಿಸಿ ನೋಡ್ತೇನೆ, ಹೂವು ಸತ್ತ ಹುಳದ ಹಾಗೆ ಕಪ್ಪು ಕಪ್ಪು, ಪರಿಮಳ ಒಂದು ಚೂರೂ ಇಲ್ಲ. ಆ ಹೂವಿನ ರೇಟು ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ಉರೀತದೆ. ಗಂಧದ ಪುಡಿಯೂ ವಾಸನೆ ಕೊಡುದಿಲ್ಲ, ಸುಮ್ನೆ ಮೈ ತರಚ್ತದೆ. ಮೈಸೂರು ಸ್ಯಾಂಡಲ್ ಸೋಪಿನ ಪರಿಮಳ ಬಂದದ್ದು ಗಂಧದ ಎಣ್ಣೆಯಿಂದ. ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯನವರ ಕಾಲದಲ್ಲಿ ಸರ್ಕಾರವೇ ಅದಕ್ಕೆ ಕೈ ಹಾಕಿದ್ದು, ಮನೆಯಲ್ಲಿ ಆ ಎಣ್ಣೆ ತಂದು ಸೋಪು ಮಾಡಿದ್ರೆ ಸ್ನಾನ ಮಾಡ್ಲಿಕ್ಕೆ ಮನಸ್ಸು ಬರುದಿಲ್ಲ, ಅಷ್ಟು ಕ್ರಯ. ಪರಿಮಳಕ್ಕೆ ನಿಂಬೆಹುಲ್ಲಿನ ಎಣ್ಣೆ ಒಳ್ಳೇದು, 500 ಗ್ರಾಂ ಎಣ್ಣೆಗೆ 10 ಗ್ರಾಂ, ಟ್ರೇಸ್ ಬಂದ ಮೇಲೆ ಹಾಕಿ. ಲವಂಗದ ಎಣ್ಣೆ ಈಗ ಬೇಡ, ಹಾಕಿದ್ದೇ ತಡ ಪಾತ್ರೆಯಲ್ಲೇ ಗಟ್ಟಿ ಆಗಿಬಿಡ್ಬಹುದು. ನೀರಿನ ಬದಲು ಬೊಂಡದ ನೀರು, ಕಾಯಿಹಾಲು ಹಾಕುವ ಆಸೆಯೂ ಬರ್ತದೆ ನಿಮಗೆ, ನನಗೆ ಗೊತ್ತುಂಟು, ಅದ್ರಲ್ಲಿರುವ ಸಕ್ಕರೆ ಕಾಸ್ಟಿಕ್ ಬಿಸಿಗೆ ಸುಟ್ಟು ಕಂದು ಬಣ್ಣ ಬರ್ತದೆ, ಐಸ್ ಮಾಡಿ ಹಾಕ್ಬೇಕಾಗ್ತದೆ. ಅದು ಐದನೇ ಬ್ಯಾಚಿನ ಮೇಲೆ ಮಾತಾಡುವ ವಿಷಯ.

ಮಾರುದು ಅಂದ್ರೆ ಲೈಸೆನ್ಸ್ ಬೇಕು. ಮೈಗೆ ಹಾಕುವ ಸೋಪು ನಮ್ಮ ದೇಶದಲ್ಲಿ ಕಾಸ್ಮೆಟಿಕ್ ಲೆಕ್ಕಕ್ಕೆ ಬರ್ತದೆ, 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ತಯಾರಿಸಿ ಮಾರ್ಲಿಕ್ಕೆ ರಾಜ್ಯದ ಔಷಧ ನಿಯಂತ್ರಣದವರ ಅನುಮತಿ, ಅದಕ್ಕೆ ಬೇರೆಯೇ ಜಾಗ, ಲೇಬಲ್, ಬ್ಯಾಚ್ ನಂಬರ್ ಎಲ್ಲ ಉಂಟು. ನಾನೂ ಕೆಲವು ವರ್ಷ ಬರೀ ನೆಂಟರಿಷ್ಟರಿಗೆ ಕೊಟ್ಟು ಆಮೇಲೆ ಆ ದಾರಿಗೆ ಹೋದದ್ದು. ಕೊಡುವಾಗಲೂ ಕಜ್ಜಿ ಹೋಗ್ತದೆ, ಕಲೆ ಹೋಗ್ತದೆ ಅಂತ ಬಾಯಿಮಾತಿಗೂ ಹೇಳ್ಬೇಡಿ. ಸಣ್ಣ ಮಕ್ಕಳಿಗೆ ನಿಮ್ಮ ಶುರುವಿನ ಸೋಪು ಹಾಕ್ಲಿಕ್ಕಿಲ್ಲ.

ಆ ಹಳೇ ಸೋಪು ಮತ್ತೆ ನೆಂದ ಕಾಸ್ಟಿಕ್ಕಿಗೆ ಬರುವ. ಗ್ಲೌಸ್ ಹಾಕಿ ಸೋಪನ್ನು ಹಾಗೇ ಚೂರು ಮಾಡಿ ಡಬ್ಬದಲ್ಲಿ ಇಟ್ಕೊಳ್ಳಿ, ಪಾಚಿ ಹಿಡಿದ ಬಚ್ಚಲು ನೆಲಕ್ಕೆ ಒಂದೊಂದು ಮುಷ್ಟಿ ಹಾಕಿ ಉದ್ದ ಹಿಡಿಯ ಬ್ರಷಲ್ಲಿ ತಿಕ್ಕಿದ್ರೆ ಫಳಫಳ ಆಗ್ತದೆ, ಬರಿಗಾಲಲ್ಲಿ ಮಾತ್ರ ನಿಲ್ಬೇಡಿ, ಧಾರಾಳ ನೀರು ಬಿಡಿ. ಕಾಸ್ಟಿಕ್ಕನ್ನು ಎಣ್ಣೆಜಿಡ್ಡು ಕಟ್ಟಿದ ಸಿಂಕಿನ ಪೈಪಿಗೆ ಬಳಸ್ಬಹುದು. ಅಲ್ಲೂ ಕ್ರಮ ಅದೇ, ಬಕೆಟಲ್ಲಿ ತಣ್ಣೀರು ಮೊದಲು, ಅದಕ್ಕೆ ಸ್ವಲ್ಪಸ್ವಲ್ಪ ಕಾಸ್ಟಿಕ್, ಕರಗಿದ ಮೇಲೆ ನಿಧಾನಕ್ಕೆ ಹೊಯ್ಯುದು, ಅರ್ಧ ಗಂಟೆ ಬಿಟ್ಟು ನಳ್ಳಿ ಬಿಡುದು. ಅಲ್ಯುಮಿನಿಯಂ ಬಕೆಟ್ ಅಲ್ಲ, ಪ್ಲಾಸ್ಟಿಕ್ಕಿದ್ದು.